ಅಪ್ಪ ಬಿಪಿ ಮಾತ್ರೆ ಬಿಟ್ಟಿದ್ದಾರೆ. ಇದೆಲ್ಲ ವಯಸ್ಸಿನ ಕಾಯಿಲೆ ಅಷ್ಟೇನಾ?

ತೋಟದಮನೆ_ಹುಡುಗ:

ಅಪ್ಪನಿಗೆ 61 ವರ್ಷ. ಎರಡು ವರ್ಷದ ಹಿಂದೆ ಬಿಪಿ 160/100 ಇದೆ ಅಂತ ಮಾತ್ರೆ ಬರೆದುಕೊಟ್ಟಿದ್ದರು. ನಾಲ್ಕು ತಿಂಗಳು ನುಂಗಿದರು. ಆಮೇಲೆ ಒಂದು ಸಲ ನೋಡಿಸಿದಾಗ 130 ಬಂತು, "ವಾಸಿ ಆಯ್ತು" ಅಂತ ಬಿಟ್ಟೇಬಿಟ್ಟರು. ತಲೆನೋವಿಲ್ಲ, ಸುಸ್ತಿಲ್ಲ, ದಿನಾ ತೋಟಕ್ಕೆ ಹೋಗಿ ಬರುತ್ತಾರೆ. ಮೊನ್ನೆ ನಾನು ಎಲ್ಲೋ ಓದಿದ್ದನ್ನು ಹೇಳಿದೆ: ಪ್ರಪಂಚದಲ್ಲಿ ಸಾಯುವ ನಾಲ್ಕು ಜನರಲ್ಲಿ ಮೂರು ಜನ ಹೃದಯ, ಶುಗರ್, ಕ್ಯಾನ್ಸರ್, ಶ್ವಾಸಕೋಶ ಅಂತ ಈ ಅಂಟದ ಕಾಯಿಲೆಗಳಿಂದಲೇ ಸಾಯುತ್ತಾರಂತೆ ಅಂತ. ಅಪ್ಪ ನಕ್ಕುಬಿಟ್ಟರು. "ಮನುಷ್ಯ ಯಾವುದಾದ್ರೂ ಒಂದರಿಂದ ಸಾಯ್ಲೇಬೇಕಲ್ಲೋ. ಪ್ಲೇಗು, ಕಾಲರಾ, ಸಿಡುಬು ಹೋದ್ಮೇಲೆ ಉಳಿದಿದ್ದು ಇದೇ ತಾನೆ?"

ನಿಜ ಹೇಳಬೇಕು ಅಂದರೆ ನನಗೆ ಉತ್ತರ ಹೊಳೆಯಲಿಲ್ಲ. ಅವರು ಹೇಳಿದ್ದು ತಪ್ಪಾ?

ಲೆಕ್ಕದ_ಪುಸ್ತಕ:

ಅರ್ಧ ಸರಿ. ಸ್ವಾತಂತ್ರ್ಯ ಬಂದ ಹೊತ್ತಿಗೆ ನಮ್ಮ ದೇಶದ ಸರಾಸರಿ ಆಯಸ್ಸು 32ರ ಆಸುಪಾಸಿತ್ತು, ಈಗ 70ರ ಹತ್ತಿರ. ಜಾಸ್ತಿ ದಿನ ಬದುಕಿದರೆ ಹೃದಯವೂ ಸವೆಯುತ್ತದೆ, ಅದರಲ್ಲಿ ಆಶ್ಚರ್ಯ ಏನಿಲ್ಲ.

ಆದರೆ ಆ ಮುಕ್ಕಾಲು ಪಾಲಿನ ಒಳಗೆ ಇನ್ನೊಂದು ಲೆಕ್ಕ ಇದೆ, ಅದನ್ನು ನಿಮ್ಮಪ್ಪನಿಗೆ ತೋರಿಸಿ. ವಿಶ್ವ ಆರೋಗ್ಯ ಸಂಸ್ಥೆ ಪ್ರಕಾರ 2021ರಲ್ಲಿ ಈ ಕಾಯಿಲೆಗಳಿಂದ ಸತ್ತವರು ಸುಮಾರು 4.3 ಕೋಟಿ. ಅವರಲ್ಲಿ 1.8 ಕೋಟಿ ಜನ ಇನ್ನೂ 70 ದಾಟಿರಲಿಲ್ಲ. ಹಾಗೆ ಬೇಗ ಹೋದವರಲ್ಲಿ ಶೇ. 82ರಷ್ಟು ಮಂದಿ ನಮ್ಮಂಥ ಬಡ, ಮಧ್ಯಮ ವರಮಾನದ ದೇಶಗಳವರು. ಬರೀ ವಯಸ್ಸಿನ ಕಾಯಿಲೆ ಆಗಿದ್ದರೆ ಮುದುಕರೇ ಜಾಸ್ತಿ ಇರುವ ಜಪಾನಿನಲ್ಲಿ ಇದರ ಗೋಳು ಜೋರಾಗಿರಬೇಕಿತ್ತು, ಅಲ್ವಾ? ಅಲ್ಲಿ ಮುಪ್ಪಿನಲ್ಲಿ ಬರುವುದು ಇಲ್ಲಿ ಎಷ್ಟೋ ವರ್ಷ ಮೊದಲೇ ಬರುತ್ತದೆ. ಸಾಯುವುದು ಹೇಗೂ ಇದ್ದದ್ದೇ, ಮಗಳ ಮದುವೆಗೆ ಮುಂಚೆಯೋ ಮೊಮ್ಮಗನ ಮದುವೆ ಆದ ಮೇಲೋ ಅನ್ನುವುದು ಪ್ರಶ್ನೆ.

ಸಿಸ್ಟರಮ್ಮ:

ನಾನು ತಾಲ್ಲೂಕು ಆಸ್ಪತ್ರೆಯಲ್ಲಿ ನರ್ಸ್. ನಿಮ್ಮಪ್ಪನಂಥವರು ನನಗೆ ದಿನಾ ಸಿಗುತ್ತಾರೆ. 130 ಬಂದದ್ದು ವಾಸಿಯಾಗಿ ಅಲ್ಲ, ಮಾತ್ರೆ ಒಳಗೆ ಕೆಲಸ ಮಾಡುತ್ತಿತ್ತಲ್ಲ, ಅದಕ್ಕೆ. ಪಂಪ್ ಓಡುತ್ತಿರುವಾಗ ಬಾವಿ ನೀರು ಕೆಳಗಿದೆ ಅಂತ ಪಂಪ್ ಆಫ್ ಮಾಡಿದರೆ ನೀರು ಮತ್ತೆ ಏರುವುದಿಲ್ಲವಾ? ತೋಟದವರಿಗೆ ಹೀಗೆ ಹೇಳಿದರೆ ಬೇಗ ಅರ್ಥ ಆಗುತ್ತದೆ.

ಬಿಪಿ ನೋಯುವುದಿಲ್ಲ, ಅದೇ ತೊಂದರೆ. ಹಲ್ಲಿನ ಥರ ನೋಯುತ್ತಿದ್ದರೆ ಯಾರೂ ಮಾತ್ರೆ ಬಿಡುತ್ತಿರಲಿಲ್ಲ. ಸದ್ದಿಲ್ಲದೆ ಕಿಡ್ನಿ, ಕಣ್ಣು, ಮಿದುಳಿನ ರಕ್ತನಾಳ ಹಾಳಾಗುತ್ತಾ ಹೋಗುತ್ತದೆ, ಒಂದು ದಿನ ಬೆಳಿಗ್ಗೆ ಎದ್ದಾಗ ಬಾಯಿ ಸೊಟ್ಟ, ಬಲಗೈ ಎತ್ತಲಾಗುವುದಿಲ್ಲ. ಲಕ್ವ. ಪ್ರಪಂಚದಲ್ಲಿ ಬಿಪಿ ಇರುವವರಲ್ಲಿ ಅದು ಹತೋಟಿಯಲ್ಲಿರುವುದು ಸುಮಾರು ಐದರಲ್ಲಿ ಒಬ್ಬರಿಗೆ ಮಾತ್ರ. ಔಷಧಿ ಇಲ್ಲ ಅಂತಲ್ಲ, ಅಮ್ಲೋಡಿಪಿನ್‌ನಂಥ ಮಾತ್ರೆ ಹಳೇದು, ಅಗ್ಗ, ಸರ್ಕಾರಿ ಆಸ್ಪತ್ರೆಯ ಎನ್‌ಸಿಡಿ (ಅಂಟದ ಕಾಯಿಲೆಗಳ) ಕ್ಲಿನಿಕ್‌ನಲ್ಲಿ ದುಡ್ಡಿಲ್ಲದೇ ಕೊಡುತ್ತೇವೆ. 30 ದಾಟಿದ ಯಾರು ಬಂದರೂ ಬಿಪಿ, ಶುಗರ್ ನೋಡುತ್ತೇವೆ.

2021ರಲ್ಲಿ ಅಪ್ಪು ಹೋದ ವಾರ ನಮ್ಮಲ್ಲಿ ಇಸಿಜಿಗೆ ನೂಕುನುಗ್ಗಲು. ಎರಡು ತಿಂಗಳಾದ ಮೇಲೆ ಅದೇ ಬೆಂಚು ಖಾಲಿ. ಈಗ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಗಳಲ್ಲೂ ಹಾರ್ಟ್ ಅಟ್ಯಾಕ್ ಆದವರಿಗೆ ರಕ್ತದ ಗಡ್ಡೆ ಕರಗಿಸುವ ದುಬಾರಿ ಇಂಜೆಕ್ಷನ್ ಪುಕ್ಕಟೆ ಸಿಗುತ್ತದೆ. ತುಂಬಾ ಒಳ್ಳೆಯದು. ಆದರೆ ಅದು ಬೆಂಕಿ ಬಿದ್ದ ಮೇಲಿನ ನೀರು.

ಹಳೇ ಚೀಟಿ ಹಿಡಿದು ಮೆಡಿಕಲ್ ಶಾಪಿನಿಂದ ನೀವೇ ಮತ್ತೆ ಶುರು ಮಾಡಬೇಡಿ. ಡಾಕ್ಟರ್ ಒಂದು ಸಲ ನೋಡಲಿ. ಮನೆಯಲ್ಲಿ ಅಳೆಯುವುದಾದರೆ ಐದು ನಿಮಿಷ ಬೆನ್ನು ಒರಗಿಸಿ ಸುಮ್ನೆ ಕೂರಿಸಿ, ಅದಕ್ಕೆ ಮುಂಚಿನ ಅರ್ಧ ಗಂಟೆ ಕಾಫಿ, ಬೀಡಿ ಬೇಡ, ತೋಳು ಎದೆಯ ಮಟ್ಟಕ್ಕಿರಲಿ, ಎರಡು ಸಲ ನೋಡಿ.

ಹಳ್ಳಿಹೈದ:

ನಮ್ಮಜ್ಜಿ ಮೂರು ಹೊತ್ತೂ ಉಪ್ಪಿನಕಾಯಿ ತಿಂದು 92 ವರ್ಷ ಬದುಕಿದ್ದರು. ಬಿಪಿ ಮಿಷನ್ ಮುಖ ನೋಡಿರಲಿಲ್ಲ. ಇದೆಲ್ಲ ಮಾತ್ರೆ ಮಾರುವವರ ಕಥೆ.

ಲೆಕ್ಕದ_ಪುಸ್ತಕ:

ಬದುಕಿದ ಅಜ್ಜಿ ನೆನಪಿರುತ್ತಾರೆ ಸ್ವಾಮಿ. 48ಕ್ಕೆ "ಎದೆ ಹಿಡ್ಕೊಂಡು ಕೂತವರು ಏಳಲೇ ಇಲ್ಲ" ಅನ್ನುವ ದೊಡ್ಡಪ್ಪ ಯಾರ ಮನೆಯಲ್ಲಿ ಇರಲಿಲ್ಲ ಹೇಳಿ? ಅವರ ಬಿಪಿಯನ್ನೂ ಯಾರೂ ನೋಡಿರಲಿಲ್ಲ.

ಹಿಮದೂರ_ಕನ್ನಡಿಗ:

ನಾನು ಆರು ವರ್ಷದಿಂದ ಫಿನ್‌ಲ್ಯಾಂಡಿನಲ್ಲಿದ್ದೇನೆ. ಇಲ್ಲಿಯವರು ಬಾಯಿಪಾಠದಂತೆ ಹೇಳುವ ಕಥೆ ಒಂದಿದೆ. ರಷ್ಯಾ ಗಡಿಯ ಹತ್ತಿರ ಉತ್ತರ ಕರೇಲಿಯಾ ಅಂತ ಕಾಡು, ಕೆರೆ, ಹೈನುಗಾರಿಕೆಯ ಸೀಮೆ. 1970ರ ಸುಮಾರಿಗೆ ಅಲ್ಲಿನ ಗಂಡಸರು ಹಾರ್ಟ್ ಅಟ್ಯಾಕ್‌ನಿಂದ ಸಾಯುವುದರಲ್ಲಿ ಪ್ರಪಂಚಕ್ಕೇ ಮುಂದಿದ್ದರು. ಮರ ಕಡಿಯುವ ಗಟ್ಟಿ ಆಳುಗಳು, ನಿಮ್ಮಪ್ಪನ ಥರ ದಿನಾ ಮೈ ಬಗ್ಗಿಸಿ ದುಡಿಯುವವರು. ಬ್ರೆಡ್ಡಿಗೆ ದಪ್ಪಗೆ ಬೆಣ್ಣೆ, ಎಲ್ಲದಕ್ಕೂ ಉಪ್ಪು, ಜೊತೆಗೆ ಸಿಗರೇಟು. ಹಸಿರು ತರಕಾರಿ ದನಕ್ಕೆ ಅನ್ನುವ ಜನ.

ಊರಿನವರೇ ಸರ್ಕಾರಕ್ಕೆ ಅರ್ಜಿ ಕೊಟ್ಟರು, 1972ರಲ್ಲಿ ಯೋಜನೆ ಶುರುವಾಯಿತು. ಅದನ್ನು ನಡೆಸಿದ ಡಾಕ್ಟರ್ ಪೆಕ್ಕಾ ಪುಸ್ಕಾ ಆಗಿನ್ನೂ ಮೂವತ್ತೂ ತುಂಬದ ಹುಡುಗ. ನನಗೆ ಇಷ್ಟವಾದದ್ದು ಏನೆಂದರೆ ಅವರು ಬರೀ ಭಾಷಣ ಮಾಡುತ್ತಾ ಕೂರಲಿಲ್ಲ. ಹೆಂಗಸರ ಸಂಘದವರು ಹಳೇ ಅಡುಗೆಗಳನ್ನೇ ಉಪ್ಪು, ಬೆಣ್ಣೆ ಕಡಿಮೆ ಮಾಡಿ, ತರಕಾರಿ ಸೇರಿಸಿ ಹಳ್ಳಿ ಹಳ್ಳಿಯಲ್ಲಿ ಮಾಡಿ ಬಡಿಸಿದರು. ಯಾವ ಊರಿನ ಕೊಲೆಸ್ಟ್ರಾಲ್ ಜಾಸ್ತಿ ಇಳಿಯುತ್ತದೆ ಅಂತ ಊರೂರಿಗೆ ಪಂದ್ಯ. ಹಾಲಿನವರು ಜಗಳಕ್ಕೆ ಬಂದರು, ಬರದೆ ಇರುತ್ತಾರಾ? ಆಮೇಲೆ ಅಲ್ಲೇ ಬೆಳೆಯುವ ಬೆರ್ರಿ ಹಣ್ಣಿನ ಕೃಷಿಗೆ ಬೆಂಬಲ ಸಿಕ್ಕಿತು. ಸುಮಾರು 35 ವರ್ಷದಲ್ಲಿ ಅಲ್ಲಿನ ದುಡಿಯುವ ವಯಸ್ಸಿನ ಗಂಡಸರಲ್ಲಿ ಹೃದಯ ಕಾಯಿಲೆಯ ಸಾವು ಶೇ. 80ಕ್ಕೂ ಜಾಸ್ತಿ ಇಳಿಯಿತು.

"ಉಳಿದಿದ್ದು ಇದೇ ತಾನೆ" ಅಂತ ಅವರೂ ನಕ್ಕು ಸುಮ್ಮನಾಗಬಹುದಿತ್ತು.

ಅಡಿಕೆ_ಸಿಪ್ಪೆ:

ಉಪ್ಪಿನ ಮಾತು ಬಂದಿದ್ದಕ್ಕೆ ಒಂದು ಮಾತು. ದಿನಕ್ಕೆ 5 ಗ್ರಾಂ ಒಳಗೆ ಅನ್ನುತ್ತಾರೆ, ಅಂದರೆ ಒಂದು ಟೀ ಚಮಚ, ಸಾರು ಪಲ್ಯ ಎಲ್ಲ ಸೇರಿ. ಜಗತ್ತಿನ ಸರಾಸರಿ ಅದರ ಎರಡರಷ್ಟಿದೆ. ನಮ್ಮಲ್ಲಿ ಹಪ್ಪಳ, ಸಂಡಿಗೆ, ಬಾಳಕ, ಮೇಲೆ ಎಲೆ ತುದಿಗೆ ಬೇರೆ ಉಪ್ಪು! ಸೈಂಧವ ಲವಣ ತಿಂದರೆ ಬಿಪಿ ಬರಲ್ಲ ಅನ್ನುವವರ ಮಾತು ನಂಬಬೇಡಿ, ಅದರಲ್ಲೂ ಇರುವುದು ಬಹುಪಾಲು ಬಿಪಿ ಏರಿಸುವ ಅದೇ ಸೋಡಿಯಂ ಉಪ್ಪು. ಚೀನಾದ 600 ಹಳ್ಳಿಗಳಲ್ಲಿ ಮಾಡಿದ ಒಂದು ಅಧ್ಯಯನದಲ್ಲಿ ಕಾಲು ಭಾಗ ಪೊಟ್ಯಾಸಿಯಂ ಕ್ಲೋರೈಡ್ ಬೆರೆಸಿದ ಉಪ್ಪು ಕೊಟ್ಟು ನೋಡಿದರು, ಲಕ್ವ ಶೇ. 14ರಷ್ಟು ಕಡಿಮೆಯಾಯಿತು. ಆದರೆ ಕಿಡ್ನಿ ತೊಂದರೆ ಇದ್ದವರಿಗೆ ಆ ಉಪ್ಪು ಅಪಾಯ, ಕೇಳದೆ ತರಬೇಡಿ.

ಇನ್ನೊಂದು, ಇದನ್ನು ಹೇಳಿದರೆ ಊರಲ್ಲಿ ಬೈಸಿಕೊಳ್ಳುತ್ತೇನೆ, ನಮ್ಮದೂ ಅಡಿಕೆ ತೋಟವೇ. ಹೊಗೆಸೊಪ್ಪು ಹಾಕದ ಬರೀ ಅಡಿಕೆಯೂ ಬಾಯಿ ಕ್ಯಾನ್ಸರ್ ತರುತ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 2004ರಲ್ಲೇ ಹೇಳಿದೆ. ನಿಮ್ಮಪ್ಪ ಎಲೆಅಡಿಕೆ ಹಾಕುತ್ತಾರಾ?

ತೋಟದಮನೆ_ಹುಡುಗ:

ಹಾಕುತ್ತಾರೆ, ಹೊಗೆಸೊಪ್ಪು ಬಿಟ್ಟು ಐದು ವರ್ಷ ಆಯಿತು.

ಸಿಸ್ಟರ್, ಪಂಪಿನ ಮಾತು ಕೆಲಸ ಮಾಡಿತು, ಥ್ಯಾಂಕ್ಸ್. ಪಕ್ಕದ ಮನೆಯವರ ಬಿಪಿ ಮಿಷನ್ ತಂದು ನೀವು ಹೇಳಿದ ಹಾಗೇ ಕೂರಿಸಿ ನೋಡಿದೆ, ಅಪ್ಪನದು 164/98. ಸೋಮವಾರ ಆಸ್ಪತ್ರೆಗೆ ಬರುತ್ತೇನೆ ಅಂದರು. ಮಿಷನ್ ಇದೆಯಲ್ಲ ಅಂತ ಸುಮ್ನೆ ಅಮ್ಮನಿಗೂ ಕಟ್ಟಿದೆ, 172/104. ಇಷ್ಟು ವರ್ಷದಲ್ಲಿ ಅವರದನ್ನು ಯಾರೂ ಒಂದು ಸಲವೂ ನೋಡಿರಲಿಲ್ಲ, ನನ್ನನ್ನೂ ಸೇರಿಸಿ. ಸೋಮವಾರ ಇಬ್ಬರನ್ನೂ ಕರೆದುಕೊಂಡು ಹೋಗುತ್ತಿದ್ದೇನೆ. ಮಾವಿನಮಿಡಿ ಭರಣಿಯ ಬಗ್ಗೆ ಅಮ್ಮನ ಹತ್ತಿರ ಇನ್ನೂ ಬಾಯಿ ಬಿಟ್ಟಿಲ್ಲ.