ಮಳಿ ಬಂದ್ರ ಬಂತು, ಇಲ್ಲಾಂದ್ರ ಇಲ್ಲ: ಅಂದ್ರ ಅರ್ಧಾ-ಅರ್ಧಾ ಏನ್ರಿ?

ಇಂಡಿ ಟೀಚರ್:
ಎಲ್ಲಾರಿಗೂ ನಮಸ್ಕಾರ ರೀ. ಇಂಡಿ ತಾಲೂಕಿನ ಒಂದು ಹಳ್ಳಿ ಶಾಲ್ಯಾಗ ಎಂಟನೇ ತರಗತಿಗೆ ಗಣಿತ ತಗೋತೀನಿ. ಸಂಭವನೀಯತೆ ಶುರು ಮಾಡೀನಿ. ನಾಣ್ಯ ತೂರಿದ್ರ 1/2, ದಾಳ ಉರುಳಿಸಿದ್ರ 1/6 ಅಂತ ಹುಡುಗರು ಮಗ್ಗಿ ಒಪ್ಪಿಸಿದ್ಹಂಗ ಒಪ್ಪಸ್ತಾವ. ನಿನ್ನೆ ಸುಮ್ನ, "ನಾಳೆ ನಮ್ಮೂರಾಗ ಮಳಿ ಬರೂ ಸಂಭವನೀಯತೆ ಎಷ್ಟು?" ಅಂತ ಕೇಳಿದೆ. ಹಿಂದಿನ ಸಾಲಿನ ಹುಡುಗಿ ಎದ್ದು, "1/2 ರೀ ಟೀಚರ್. ಬಂದ್ರ ಬರತೈತಿ, ಇಲ್ಲಾಂದ್ರ ಇಲ್ಲ. ಎರಡೇ ಅಲ್ಲೇನ್ರಿ?" ಅಂದ್ಲು. ಹೊರಗ ಫೆಬ್ರವರಿ ಬಿಸಲು, ಮ್ವಾಡದ ಹೆಸರಿಲ್ಲ. ಆದ್ರೂ ಇಡೀ ಕ್ಲಾಸು ಹೌದೌದು ಅಂತು.

"ಎಲ್ಲಾ ಫಲಿತಕ್ಕೂ ಸಮ ಅವಕಾಶ ಇದ್ರ ಮಾತ್ರ, ಬೇಕಾದ ಫಲಿತಾನ ಒಟ್ಟು ಫಲಿತದಿಂದ ಭಾಗಿಸೂ ಈ ಸೂತ್ರ" ಅಂತ ಹೇಳಿದೆ. ಬರಕೊಂಡ್ರು, ತಲಿಗೆ ಹೋಗಲಿಲ್ಲ. ದಾಳ ತಂದು ಆಡಸೂಣಂದ್ರ ಹಿರಿಯ ಮಾಸ್ತರೊಬ್ಬರು "ಶಾಲ್ಯಾಗ ಜೂಜು ಕಲಸ್ತೀರೇನು?" ಅಂತಾರ. ದಾರಿ ಹೇಳ್ರಿ.

ಬಾದಾಮಿ ಮಾಸ್ತರ:
ಆ ಹುಡುಗಿಗೆ ಮೊದಲು ಶಾಬಾಸ್ ಅನ್ರಿ. ಕೊಟ್ಟ ಸೂತ್ರಾನ ಕೊಟ್ಟಂಗ ಹಚ್ಯಾಳ. ತೊಡಕು ಇರೂದು ನಾಣ್ಯದಿಂದ ಶುರು ಮಾಡೂದರಾಗ. ನಾಣ್ಯ, ದಾಳ ಎರಡೂ ಸಮ. ಸಮ ಇಲ್ಲದ್ದು ಕಣ್ಣಿಗೇ ಬೀಳದಿದ್ರ ಆ ಶರತ್ತು ಯಾಕ ಬೇಕಂತ ಹುಡುಗರಿಗೆ ಹೆಂಗ ತಿಳೀಬೇಕು?

ಒಂದು ಕವಡಿ ಕೊಡ್ರಿ. ಬಾಯಿ ಮ್ಯಾಲಾಗಿ ಬೀಳತೈತಿ, ಇಲ್ಲಾ ಬೆನ್ನು ಮ್ಯಾಲಾಗಿ. ಇಲ್ಲೂ ಎರಡೇ ಫಲಿತ. ತೂರೂದಕ್ಕಿಂತ ಮೊದಲು ಎಲ್ಲಾರೂ ತಮ್ಮ ಊಹೆ ಬರದಿಡಬೇಕು, ಇದನ್ನ ಬಿಡಬ್ಯಾಡ್ರಿ. ಆಮ್ಯಾಲ ಜೋಡಿ ಜೋಡಿ ಕೂಡಿಸ್ರಿ. ಒಬ್ಬ ತೂರಬೇಕು, ಇನ್ನೊಬ್ಬ ಗೀಟು ಹಾಕಬೇಕು: ನಾಲ್ಕು ಉದ್ದ, ಐದನೇದು ಅಡ್ಡ. ಎಲ್ಲಾ ಜೋಡಿ ಲೆಕ್ಕ ಬೋರ್ಡ್ ಮ್ಯಾಲ ಕೂಡಿಸಿಕೋತ ಹೋದ್ರ ಅದು ಒಂದು ಕಡೆ ವಾಲೂದು ಕಾಣತೈತಿ. ಯಾವ ಕಡೆ, ಎಷ್ಟು ಅನ್ನೂದು ಕವಡಿ ಆಕಾರದ ಮ್ಯಾಲ. ಅದಕ್ಕ ಸೂತ್ರ ಇಲ್ಲ, ತೂರೇ ನೋಡಬೇಕು.

ಮರುದಿನ ಹುಣಸಿಬೀಜ. ನಾಲ್ಕು ಬೀಜ ಕಲ್ಲಿಗೆ ತಿಕ್ಕಿ ಒಂದು ಮೈ ಬೆಳ್ಳಗ ಮಾಡಿಸ್ರಿ. ಚೌಕಾಬಾರದಾಗ ಬೆಳ್ಳಗ ಎಷ್ಟು ಬಿದ್ದಾವೋ ಅಷ್ಟು ಮನಿ, ನಾಲ್ಕೂ ಕಪ್ಪಗ ಬಿದ್ರ ಎಂಟು. ಬೀಳೂ ಗರ 1, 2, 3, 4, 8, ಅಂದ್ರ ಐದು. ನಿಮ್ಮ ಹುಡುಗಿ ಲೆಕ್ಕದಾಗ ಒಂದೊಂದಕ್ಕೂ 1/5 ಆಗಬೇಕು. ಆದ್ರ ಮನ್ಯಾಗ ಅಜ್ಜಿ ಕೂಡ ಆಡಿದ ಹುಡುಗರು ಕೈ ಎತ್ತತಾವ: "ಎಂಟು ಅಷ್ಟು ಸಲೀಸಾಗಿ ಬೀಳೂದಿಲ್ಲ ರೀ ಸರ!" ಆವಾಗ ಬೀಜಕ್ಕ 1ರಿಂದ 4 ನಂಬರ್ ಹಾಕಿಸಿ, ಹೆಂಗೆಂಗ ಬೀಳಬಹುದು ಅಂತ ಬರಸ್ರಿ. ಒಟ್ಟು 16 ಬಗಿ. ಅದರಾಗ ಎರಡು ಬೀಳೂದು 6 ಬಗಿ, ಒಂದು ಬೀಳೂದು 4 ಬಗಿ, ಮೂರು ಬೀಳೂದು 4 ಬಗಿ. ನಾಲ್ಕಕ್ಕ ಒಂದು, ಎಂಟಕ್ಕ ಒಂದು. ಎಂಟಕ್ಕ ಯಾಕ ಅಷ್ಟು ಕಿಮ್ಮತ್ತು ಅನ್ನೂದು ಆಗ ಗೊತ್ತಾಗತೈತಿ. (ಎರಡೂ ಮೈ ಸಮ ಬೀಳತಾವ ಅಂತ ಹಿಡಿದ್ರ ಈ ಲೆಕ್ಕ. ಖರೇ ಬೀಜ ಸ್ವಲ್ಪ ಹೆಚ್ಚುಕಮ್ಮಿ ಮಾಡತಾವ.)

ದೊಡ್ಡವರೂ ಇಲ್ಲಿ ಮುಗ್ಗರಿಸ್ಯಾರ. ಫ್ರಾನ್ಸಿನ ಗಣಿತಜ್ಞ ಡಿ ಅಲೆಂಬರ್ಟ್ 1754ರಾಗ, ನಾಣ್ಯ ಎರಡು ಸಲ ತೂರಿದ್ರ ಒಂದರೆ ಹೆಡ್ ಬೀಳೂ ಸಂಭವನೀಯತೆ 2/3 ಅಂತ ವಾದ ಮಾಡಿದ್ದ. ಮೊದಲ ಸಲಾನೇ ಹೆಡ್, ಎರಡನೇ ಸಲ ಹೆಡ್, ಎರಡೂ ಸಲ ಟೇಲ್ ಅಂತ ಮೂರನ್ನೂ ಸಮ ಹಿಡದಿದ್ದ. ಖರೇ ಅಂದ್ರ ಸಮ ಇರೂ ಬಗಿ ನಾಲ್ಕು, ಅದಕ್ಕ ಉತ್ತರ 3/4.

ಜೂಜಿನ ಮಾತಿಗೆ: ರೊಕ್ಕ ಇಲ್ಲ, ಬಹುಮಾನ ಇಲ್ಲ, ಬರೇ ಗೀಟು ಅಂತ ಹೇಳ್ರಿ. 1654ರಾಗ ಪ್ಯಾಸ್ಕಲ್ ಮತ್ತ ಫರ್ಮಾ ಅರ್ಧಕ್ಕ ನಿಂತ ಜೂಜಿನ ರೊಕ್ಕ ಹಂಚೂ ಬಗ್ಗೆ ಪತ್ರ ಬರಕೊಂಡಾಗ ಈ ಗಣಿತ ಗಟ್ಟಿ ಆತು ಅನ್ನೂದನ್ನ ಮಾತ್ರ ಆ ಮಾಸ್ತರಿಗೆ ಹೇಳಬ್ಯಾಡ್ರಿ.

ಎರಿ ಹೊಲ, ಮುದ್ದೇಬಿಹಾಳ:
ಅಕ್ಕಾರ, ನಾ ಮಾಸ್ತರ ಅಲ್ಲ, ಒಕ್ಕಲುತನ ಮಾಡಾಂವ. ಹಿಂಗಾರಿ ಜೋಳ ಬಿತ್ತೂ ಮೊದಲು ನಾವು 100 ಕಾಳು ಎಣಿಸಿ, ಹಸಿ ಗೋಣಿತಟ್ಟಿನ್ಯಾಗ ಸುತ್ತಿ ನೆರಳಾಗ ಇಡತೀವಿ. ನಾಲ್ಕೈದು ದಿನಕ್ಕ ಬಿಚ್ಚಿ, ಮೊಳಕಿ ಒಡದಾವು ಎಷ್ಟು ಅಂತ ಎಣಿಸತೀವಿ. ಕಾಳೂ ಅಷ್ಟೇ, ಹುಟ್ಟತೈತಿ ಇಲ್ಲಾ ಹುಟ್ಟೂದಿಲ್ಲ. ಅರ್ಧಾ-ಅರ್ಧಾ ಅಂತ ಹಿಡದು ಕೂರಿಗಿ ಹೂಡಿದ್ರ ಆ ವರ್ಷದ ಕತಿ ಮುಗೀತು. ಪ್ರಮಾಣಿತ ಜೋಳದ ಬೀಜಕ್ಕ ಕನಿಷ್ಠ 75% ಮೊಳಕಿ ಬೇಕಂತ ನಿಯಮಾನೇ ಐತಿ.

ಪ್ರತಿ ಹುಡುಗನಿಗೂ ಹತ್ತ್ಹತ್ತು ಕಾಳು ಕೊಟ್ಟು ನೋಡ್ರಿ. ಒಬ್ಬಂದು ಆರು ಒಡೀತಾವ, ಇನ್ನೊಬ್ಬಂದು ಹತ್ತಕ್ಕ ಹತ್ತು. ಎಲ್ಲಾ ಕೂಡಿಸಿದ್ರ ಖರೇ ಅಂದಾಜು ಸಿಗತೈತಿ. ಆದ್ರ ಮನ್ಯಾಗಿನ ತಿನ್ನೂ ಜೋಳಾನೇ ಕೊಡ್ರಿ. ಅಂಗಡಿ ಬೀಜಕ್ಕ ಬಣ್ಣ ಕಲಸಿದ ಔಷಧ ಹಚ್ಚಿರತಾರ, ಹುಡುಗರ ಕೈಗೆ ಬ್ಯಾಡ.

ಬೆಳಗಾವಿ ಗಣಿತ:
ಇಬ್ಬರೂ ಹೇಳಿದ್ದು ಛಲೋ ಐತಿ, ಆದ್ರ ಭಿನ್ನರಾಶಿಗೆ ಇಷ್ಟು ಲಗೂ ಹೋಗಬ್ಯಾಡ್ರಿ. ಕಿಟಕಿಯಿಂದ ಬಾಗಿಲ ತನಕ ಒಂದು ಹಗ್ಗ ಕಟ್ರಿ. ಒಂದು ತುದಿ 0, ಆಗೂದೇ ಇಲ್ಲ. ಇನ್ನೊಂದು ತುದಿ 1, ಆಗೇ ತೀರತೈತಿ. "ಫೆಬ್ರವರಿಯಾಗ ಇಂಡಿಯೊಳಗ ಮಳಿ", "ಜುಲೈದಾಗ ಬೆಳಗಾವಿಯೊಳಗ ಮಳಿ" ಅಂತ ಎರಡು ಚೀಟಿ ಆ ಹುಡುಗಿ ಕೈಗೇ ಕೊಡ್ರಿ, ಹಗ್ಗದ ಮ್ಯಾಲ ಸಿಗಸಲಿ. ಎರಡಕ್ಕೂ ಬರತೈತಿ-ಇಲ್ಲ ಅಂತ ಎರಡೇ ಫಲಿತ. ಒಂದೇ ಜಾಗಾಕ್ಕ ಸಿಗಸ್ತಾಳೇನು ನೋಡ್ರಿ.

ಇಂಡಿ ಟೀಚರ್:
ಹಗ್ಗ ನಾಳೆನೇ ಕಟ್ಟತೀನಿ, ಜೋಳ ಸೋಮವಾರ. ಜೋಳಕ್ಕ ಯಾರೂ ಜೂಜು ಅನ್ನಂಗಿಲ್ಲ! ಇಷ್ಟು ಹುಡುಗರಿಗೆ ಕವಡಿ ಎಲ್ಲಿ ಸಿಗತಾವ್ರಿ?

ಬಾದಾಮಿ ಮಾಸ್ತರ:
ಬನಶಂಕರಿ ಜಾತ್ರಿ ಕಡೆ ಯಾರರೆ ಬಂದ್ರ ಹೇಳಿ ಕಳಸ್ರಿ. ಇಲ್ಲಾಂದ್ರ ಸೋಡಾ ಬಾಟಲಿ ಮುಚ್ಚಳ ನಡೀತಾವ. ಅಂಚು ಬಗ್ಗಿದ್ದು, ನೆಟ್ಟಗಿದ್ದು ಬ್ಯಾರೆ ಬ್ಯಾರೆ ಇಟ್ಟು ಎಣಿಸ್ರಿ.