ಲ್ಯಾಪ್‌ಟಾಪ್ ಟಚ್ ಕೀ ಮುಟ್ಟದಿದ್ದರೂ ಕೆಲಸ ಮಾಡ್ತಿದೆ, ತಡೆಯೋದು ಹೇಗೆ?

ಪ್ರಶ್ನೆ (ಬನಶಂಕರಿಯಿಂದ):
ನನ್ನದು ಹಳೆಯ ಲ್ಯಾಪ್‌ಟಾಪ್. ವಾಲ್ಯೂಮ್, ಮ್ಯೂಟ್, ವೈಫೈಗೆ ಒತ್ತುವ ಕೀ ಇಲ್ಲ. ಕೀಬೋರ್ಡ್ ಮೇಲ್ಗಡೆ ನುಣ್ಣನೆಯ ಪಟ್ಟಿ, ಅದರಲ್ಲಿ ಚಿತ್ರಗಳು. ಬ್ಯಾಕ್‌ಸ್ಪೇಸ್ ಒತ್ತಲು ಹೋದರೆ ಬೆರಳು ತಾಗುವ ಮೊದಲೇ ಮ್ಯೂಟ್ ಆಗುತ್ತದೆ. ಸಂಜೆ ಪಿಯುಸಿ ಮಕ್ಕಳಿಗೆ ಆನ್‌ಲೈನಲ್ಲಿ ಲೆಕ್ಕ ಹೇಳಿಕೊಡುತ್ತೇನೆ. ಅವರು ಡೌಟ್ ಕೇಳುತ್ತಿರುತ್ತಾರೆ, ನನಗೆ ಗೊತ್ತೇ ಆಗುವುದಿಲ್ಲ. ಮಕ್ಕಳು ಬೇಜಾರಾಗಿ ಕೇಳುವುದನ್ನೇ ಬಿಟ್ಟಾರು ಅನ್ನೋದು ನನ್ನ ಚಿಂತೆ. ರಿಪೇರಿಯವರು ಇಡೀ ಪ್ಯಾನೆಲ್ ಬದಲಿಸಬೇಕು ಅಂತಾರೆ. ಬೇರೆ ದಾರಿ ಇದೆಯಾ?

ಉತ್ತರ:
ಮೇಡಂ, ದುಡ್ಡು ಕೊಡುವ ಮುಂಚೆ ಚಾರ್ಜರ್ ತೆಗೆದು ಬರೀ ಬ್ಯಾಟರಿಯಲ್ಲಿ ಓಡಿಸಿ ನೋಡಿ. ಈ ಪಟ್ಟಿ ಒತ್ತಡ ನೋಡುವುದಿಲ್ಲ. ಬೆರಳು ಹತ್ತಿರ ಬಂದಾಗ ಕೆಪಾಸಿಟೆನ್ಸ್ (ವಿದ್ಯುತ್ ಚಾರ್ಜ್ ಹಿಡಿದಿಡುವ ಗುಣ) ಒಂಚೂರು ಬದಲಾಗುತ್ತದೆ, ಅದನ್ನೇ ಅಳೆಯುತ್ತದೆ. ಚಾರ್ಜರ್‌ನಿಂದ ಕರೆಂಟಿನ ಗಲಾಟೆ ಒಳಗೆ ಬಂದರೆ ಪಟ್ಟಿ ಅದನ್ನೂ ಬೆರಳು ಅಂದುಕೊಂಡು ಮೋಸ ಹೋಗುತ್ತದೆ. ಬೆವರು, ಎಣ್ಣೆ ಜಿಡ್ಡು ಇದ್ದರೂ ಹೀಗಾಗಬಹುದು. ಲ್ಯಾಪ್‌ಟಾಪ್ ಆಫ್ ಮಾಡಿ, ಬಟ್ಟೆಗೆ ಸ್ವಲ್ಪ ಐಸೊಪ್ರೊಪೈಲ್ ಆಲ್ಕೋಹಾಲ್ ಹಾಕಿ ಒರೆಸಿ. ನೇರವಾಗಿ ಪಟ್ಟಿ ಮೇಲೆ ಸುರಿಯಬೇಡಿ.

ಪ್ರಶ್ನೆ ಕೇಳಿದವರು:
ಒರೆಸಿದ್ದಕ್ಕೆ ಏನೂ ಆಗಲಿಲ್ಲ ಸರ್. ಆದರೆ ಚಾರ್ಜರ್ ತೆಗೆದರೆ ತೆಪ್ಪಗಿರುತ್ತದೆ! ಹಾಕಿದ್ದಾಗ ಅಂಗೈ ಇಡುವ ಜಾಗದಲ್ಲಿ ಸಣ್ಣಗೆ ಜುಮ್ ಅನ್ನುತ್ತದೆ. ಬಾಡಿಗೆ ಮನೆ, ಸಾಕೆಟ್ ಮೂರು ಪಿನ್ನಿನದೇ.

ಉತ್ತರ:
ಹಾಗಾದರೆ ಅರ್ತಿಂಗ್ (ಸೋರುವ ಕರೆಂಟನ್ನು ನೆಲಕ್ಕೆ ಇಳಿಸುವ ವೈರ್) ಮೇಲೆಯೇ ಅನುಮಾನ. ಮೂರು ತೂತಿದ್ದ ಮಾತ್ರಕ್ಕೆ ಅರ್ತಿಂಗ್ ಇದೆ ಅಂತಲ್ಲ. ಎಷ್ಟೋ ಮನೆಗಳಲ್ಲಿ ಮೇಲಿನ ದೊಡ್ಡ ತೂತಿಗೆ ವೈರೇ ಬಂದಿರುವುದಿಲ್ಲ. ಎಲೆಕ್ಟ್ರಿಷಿಯನ್ ಕರೆಸಿ ನೋಡಿಸಿ, ಓನರ್‌ಗೂ ಹೇಳಿ. ಗೀಸರ್, ವಾಷಿಂಗ್ ಮೆಷಿನ್ ಇರುವ ಮನೆಯಲ್ಲಿ ಇದು ಜೀವದ ಪ್ರಶ್ನೆ, ನಾಳೆಗೆ ಬಿಡಬೇಡಿ. ಅಡಾಪ್ಟರಿನಿಂದ ಸಾಕೆಟ್‌ಗೆ ಹೋಗುವ ವೈರ್ ಎರಡು ಪಿನ್ನಿನದಾ ನೋಡಿ, ಹಾಗಿದ್ದರೆ ಅರ್ತಿಂಗ್ ಅಡಾಪ್ಟರಿನವರೆಗೆ ಬರುವುದೇ ಇಲ್ಲ. ಅಡಾಪ್ಟರಿನಲ್ಲಿ ಮೂರು ಪಿನ್ನಿನ ಜಾಗ ಇದ್ದರೆ ಅದಕ್ಕೆ ಸರಿಯಾದ ವೈರ್ ಎಲೆಕ್ಟ್ರಾನಿಕ್ಸ್ ಅಂಗಡಿಗಳಿರುವ ಎಸ್‌ಪಿ ರೋಡಿನಲ್ಲಿ ಸಿಗುತ್ತದೆ.

ಇನ್ನೊಬ್ಬರು:
ಪ್ಯಾನೆಲ್ ಎಲ್ಲಾದರೂ ಉಬ್ಬಿದೆಯಾ ಅಂತಲೂ ನೋಡಿ ಅಕ್ಕಾ. ಬ್ಯಾಟರಿ ಊದಿಕೊಂಡರೆ ಒಳಗಿಂದ ಪಟ್ಟಿಯನ್ನು ತಳ್ಳುತ್ತದೆ. ಉಬ್ಬಿದ್ದರೆ ಚಾರ್ಜ್ ಮಾಡಲೇಬೇಡಿ, ಒತ್ತಲೂ ಬೇಡಿ. ಅದೇನೂ ಇಲ್ಲದಿದ್ದರೆ, ಎಲೆಕ್ಟ್ರಿಷಿಯನ್ ಬರುವ ತನಕ ಪಾಠದ ಹೊತ್ತಿಗೆ ಚಾರ್ಜರ್ ತೆಗೆದುಬಿಡಿ. ವಿಂಡೋಸ್ 10 ಅಥವಾ 11 ಇದ್ದರೆ ಮೈಕ್ರೋಸಾಫ್ಟಿನ ಪವರ್‌ಟಾಯ್ಸ್ ಅನ್ನೋ ಆ್ಯಪ್ ಉಚಿತ. ಅದರ ಕೀಬೋರ್ಡ್ ಮ್ಯಾನೇಜರಿನಲ್ಲಿ ಮ್ಯೂಟ್ ಕೀಯನ್ನು ಡಿಸೇಬಲ್ ಮಾಡಬಹುದು. ಪವರ್‌ಟಾಯ್ಸ್ ಓಡುತ್ತಿರುವಷ್ಟು ಹೊತ್ತು ಮಾತ್ರ ಅದು ನಡೆಯುತ್ತದೆ. ಮೌಸಿನಲ್ಲಿ ಸ್ಪೀಕರ್ ಗುರುತು ಒತ್ತಿ ಮ್ಯೂಟ್ ಮಾಡುವುದು ಹೇಗೂ ಇದ್ದೇ ಇದೆ.