ಡೊಂಬಿವಲಿಯ ಸಿಲಿಂಡರು

ನಮ್ಮ ಮನೆಯ ವಾಟ್ಸಾಪ್ ಗುಂಪಿನಲ್ಲಿ 31 ಜನ ಇದ್ದೇವೆ. ಅದರಲ್ಲಿ ಬರೆಯುವವರು ಏಳು ಜನ. ಉಳಿದವರು ಯಾರದೋ ಹುಟ್ಟುಹಬ್ಬಕ್ಕೆ ಕೇಕಿನ ಚಿತ್ರ ಹಾಕಿ ಮತ್ತೆ ಆರು ತಿಂಗಳು ಮಾಯ. ನನ್ನನ್ನು ಆಫೀಸಿನವರು ಬೆಂಗಳೂರಿನಿಂದ ಮುಂಬೈಗೆ ವರ್ಗ ಮಾಡಿದ ಸುದ್ದಿಯನ್ನು ಶನಿವಾರ ರಾತ್ರಿ ಆಯಿಗೆ, ಅಂದರೆ ಅಮ್ಮನಿಗೆ, ಮಾತ್ರ ಹೇಳಿದ್ದೆ. ಯಾರಿಗೂ ಹೇಳಬೇಡ ಅಂತಲೂ ಹೇಳಿದ್ದೆ. ಭಾನುವಾರ ಬೆಳಗ್ಗೆ 6.40ಕ್ಕೆ ಕುಮಟಾದಿಂದ ದೊಡ್ಡಪ್ಪನ ಫಾರ್ವರ್ಡು ಬಂತು. ಆಯಿ ಎಷ್ಟು ಹೊತ್ತು ತಡೆದುಕೊಂಡಿದ್ದಳು ಅಂತ ನೀವೇ ಲೆಕ್ಕ ಹಾಕಿ.

ಫಾರ್ವರ್ಡು ಹೀಗಿತ್ತು. ಅಕ್ಷರ ತಪ್ಪು ತಿದ್ದಿದ್ದೇನೆ, ನಡುವಿನ ಬೆಂಕಿ ಎಮೋಜಿಗಳನ್ನು ಆರಿಸಿದ್ದೇನೆ.

"ಎಚ್ಚರ!! ಬೆಂಗಳೂರಿನಲ್ಲಿ 50 ಸಾವಿರ ಸಂಬಳದವನು ರಾಜ, ಮುಂಬೈಯಲ್ಲಿ 1 ಲಕ್ಷ ಸಂಬಳದವನು ಭಿಕಾರಿ. ಬೆಂಗಳೂರು ಆಟೋ 25 ರೂ., ಮುಂಬೈ ಆಟೋ 18 ರೂ., ಆದರೆ ಮನೆ? ಬೆಂಗಳೂರಿನ ಒಂದು ಹಾಲಿನಷ್ಟು ಜಾಗದಲ್ಲಿ ಅಲ್ಲಿ ಇಡೀ ಸಂಸಾರ! ಬೆಂಗಳೂರಿಗೆ ಕಾವೇರಿ ತಾಯಿ, ಮುಂಬೈಗೆ ಟ್ಯಾಂಕರ್ ನೀರು. ಮಕ್ಕಳನ್ನು ಕಳಿಸುವ ಮುನ್ನ ಯೋಚಿಸಿ. ಹತ್ತು ಜನರಿಗೆ ಕಳಿಸಿ."

ಅದರ ಕೆಳಗೆ ದೊಡ್ಡಪ್ಪ ತಾವೇ ಟೈಪ್ ಮಾಡಿದ ಒಂದು ಸಾಲು: "ಕೆಲವರಿಗೆ ಉಪಯೋಗ ಆಗಬಹುದು."

ಕೆಲವರು ಅಂದರೆ ನಾನು. ದೊಡ್ಡಪ್ಪ ಬೆಂಗಳೂರಿನಲ್ಲಿ ಇದ್ದದ್ದು ಒಟ್ಟು ಹದಿನೈದು ದಿನ, ಅದೂ ಕಣ್ಣಿನ ಪೊರೆ ತೆಗೆಸಲು. ಮುಂಬೈಗೆ ಹೋದದ್ದು ಎರಡು ಮದುವೆಗೆ. ಆದರೂ ಎರಡೂ ಊರಿನ ಮೇಲೆ ಅವರಿಗೆ ಖಚಿತ ಅಭಿಪ್ರಾಯ ಇದೆ.

ತಮ್ಮ: ಇದರ ಮೂಲ ಎಲ್ಲಿ?

ದೊಡ್ಡಪ್ಪ: ಮೂಲ ಅಂದರೆ? ನನಗೆ ನಮ್ಮ ವಾಕಿಂಗ್ ಗುಂಪಿನವರು ಕಳಿಸಿದ್ದು. ರಿಟೈರ್ಡ್ ಬ್ಯಾಂಕ್ ಮ್ಯಾನೇಜರ್.

ತಮ್ಮ: ಅವರಿಗೆ ಯಾರು ಕಳಿಸಿದ್ದು?

ದೊಡ್ಡಪ್ಪ: ನದಿಮೂಲ ಋಷಿಮೂಲ ಕೇಳಬಾರದು ಅಂತ ಹಿರಿಯರು ಸುಮ್ಮನೆ ಹೇಳಿಲ್ಲ.

ತಮ್ಮ: ಅದು ಋಷಿಗೆ ದೊಡ್ಡಪ್ಪ. ಇದು ಆಟೋ ರೇಟು.

ತಮ್ಮನ ಈ ಚಟ ಹೊಸದಲ್ಲ. ಹುಬ್ಬಳ್ಳಿಯಲ್ಲಿ ಕೂತು ಊರ ಫಾರ್ವರ್ಡುಗಳ ಜಾತಕ ಬರೆಯುತ್ತಾನೆ. ಆದರೆ ಈ ಸಲ ಅವನು ಹಿಡಿದದ್ದು ಸರಿಯಾಗಿತ್ತು. ಮುಂಬೈಯಲ್ಲಿ ಆಟೋ ಮಿನಿಮಮ್ 18 ಇದ್ದದ್ದು 2021ರ ಫೆಬ್ರವರಿವರೆಗೆ. ಆಮೇಲೆ 21 ಆಯಿತು, 23 ಆಯಿತು, 2025ರ ಫೆಬ್ರವರಿಯಿಂದ 26. ಬೆಂಗಳೂರಿನಲ್ಲಿ 25 ಇದ್ದದ್ದು 2021ರ ನವೆಂಬರ್‌ವರೆಗೆ, ಆಮೇಲೆ 30, 2025ರ ಆಗಸ್ಟಿನಿಂದ 36. ಇಷ್ಟನ್ನೂ ಬರೆದು ಕೊನೆಗೆ "ಈ ಮೆಸೇಜಿಗೆ ಶಾಲೆಗೆ ಸೇರಿಸುವ ವಯಸ್ಸಾಗಿದೆ" ಅಂತ ಹಾಕಿದ. ನನಗೆ ನಗು ಬಂತು. ಗುಂಪಿನಲ್ಲಿ ನಗಲಿಲ್ಲ, ದೊಡ್ಡಪ್ಪ ನೋಡುತ್ತಾರೆ.

ಚಿಕ್ಕಮ್ಮ: ಅದೆಲ್ಲ ಇರಲಿ, ಮುಂಬೈಗೆ ಹೋಗ್ತಾ ಇರೋದು ಯಾರು?

ಆಯಿ: ನಾನು ಯಾರಿಗೂ ಹೇಳಿಲ್ಲ.

ಚಿಕ್ಕಮ್ಮ: ಹಾಗಾದರೆ ನಿಮ್ಮ ಮನೆಯವರೇ.

ದೊಡ್ಡಪ್ಪ: ಮೂಲ ಕೇಳುವವರು 2016ರಲ್ಲಿ ಎರಡು ಸಾವಿರದ ನೋಟಿನಲ್ಲಿ ಚಿಪ್ಪು ಇದೆ, ಭೂಮಿಯೊಳಗೆ ಹೂತಿಟ್ಟರೂ ಸಿಗ್ನಲ್ ಬರುತ್ತದೆ ಅಂತ ಇದೇ ಗುಂಪಿಗೆ ಕಳಿಸಿದ್ದರು. ಆಗ ಮೂಲ ಎಲ್ಲಿತ್ತು?

ಇದಾದ ಮೇಲೆ ತಮ್ಮ ನಲವತ್ತು ನಿಮಿಷ ಆನ್‌ಲೈನ್ ಬರಲಿಲ್ಲ. ಒಂಬತ್ತು ವರ್ಷ ಆ ಚಿಪ್ಪನ್ನು ಜೋಪಾನವಾಗಿ ಇಟ್ಟುಕೊಂಡಿದ್ದರಲ್ಲ ದೊಡ್ಡಪ್ಪ, ಅದಕ್ಕೆ ಮೆಚ್ಚಬೇಕು.

ಆ ಹೊತ್ತಿಗೆ ಭಾವ ಬಂದರು. ಭಾವ ಬಂದರೆ ತೆರಿಗೆ ಬರುತ್ತದೆ. ಹಳೇ ತೆರಿಗೆ ಪದ್ಧತಿಯಲ್ಲಿ ಬಾಡಿಗೆ ಭತ್ಯೆಗೆ ವಿನಾಯಿತಿ ಲೆಕ್ಕ ಹಾಕುವಾಗ ಮುಂಬೈ, ದೆಹಲಿ, ಕೋಲ್ಕತ್ತ, ಚೆನ್ನೈಗೆ ಸಂಬಳದ ಶೇ 50ರ ಮಿತಿ, ಬೆಂಗಳೂರಿಗೆ ಶೇ 40 ಮಾತ್ರ, 2024-25ರ ರಿಟರ್ನ್ ತುಂಬುವಾಗಲೂ ಹಾಗೇ ಇತ್ತು ಅಂತ ವಿವರಿಸಿದರು. "ಅಂದರೆ ಸರ್ಕಾರದ ಪ್ರಕಾರ ಬೆಂಗಳೂರು ಇನ್ನೂ ಸಣ್ಣ ಊರು" ಅಂತ ಒಂದು ಜೋಕು ಕೂಡ ಹಾಕಿದರು. ನಾನು ಹೊಸ ಪದ್ಧತಿಯಲ್ಲಿದ್ದೇನೆ ಭಾವ, ಅದರಲ್ಲಿ ಈ ವಿನಾಯಿತಿಯೇ ಇಲ್ಲ ಅಂದೆ. ಭಾವ ಹೆಬ್ಬೆರಳು ತೋರಿಸಿ ಹೋದರು.

ಸುದ್ದಿ ಹೇಗೂ ಹೊರಗೆ ಬಿದ್ದಿತ್ತು. ಸರಿ, ನಾನೇ ಲೆಕ್ಕ ಹಾಕಿಬಿಡುತ್ತೇನೆ ಅಂತ ಕೂತೆ. ಎರಡು ವಾರದಿಂದ ಬ್ರೋಕರುಗಳ ಜೊತೆ ಮಾತಾಡಿ ಮಾತಾಡಿ ನನಗೆ ಗಂಟಲು ಹೋಗಿದೆ, ಇವರು ನನಗೆ ಆಟೋ ರೇಟು ಹೇಳಿಕೊಡುತ್ತಿದ್ದಾರೆ.

ನಾನು: ವಿಜಯನಗರದ ನನ್ನ ಎರಡು ಬೆಡ್‌ರೂಮಿಗೆ ಬಾಡಿಗೆ 24 ಸಾವಿರ. ಅಡ್ವಾನ್ಸು ಹತ್ತು ತಿಂಗಳಿನದು, 2.40 ಲಕ್ಷ. ಮೊದಲ ತಿಂಗಳಿನ ಬಾಡಿಗೆ ಸೇರಿ ಒಳಗೆ ಕಾಲಿಡುವಾಗ ಕೈಯಿಂದ ಹೋದದ್ದು 2.64 ಲಕ್ಷ. ಖಾಲಿ ಮಾಡುವಾಗ ಪೇಂಟಿಂಗಿಗೆ ಅಂತ ಒಂದು ತಿಂಗಳಿನದು ಹಿಡೀತಾರೆ, ಗೋಡೆ ಎಷ್ಟೇ ಚೆನ್ನಾಗಿದ್ದರೂ. ಅಂಧೇರಿಯಲ್ಲಿ ಒಂದೇ ಬೆಡ್‌ರೂಮಿಗೆ 45 ಸಾವಿರ ಕೇಳ್ತಿದ್ದಾರೆ. ಆದರೆ ಅಡ್ವಾನ್ಸು ಮೂರೇ ತಿಂಗಳು, 1.35 ಲಕ್ಷ. ಮೊದಲ ಬಾಡಿಗೆ 45, ಬ್ರೋಕರಿಗೆ 45. ಒಟ್ಟು 2.25 ಲಕ್ಷ. ಅಂದರೆ ಮೊದಲ ದಿನ ಮುಂಬೈಯೇ ಅಗ್ಗ. ಆಮೇಲೆ ತಿಂಗಳು ತಿಂಗಳು 21 ಸಾವಿರ ಜಾಸ್ತಿ.

ಯಾರೂ ಏನೂ ಅನ್ನಲಿಲ್ಲ. ಓದಿದ್ದಾರೆ, ನೀಲಿ ಗೆರೆ ಬಂದಿದೆ. ನಾನು ಬಿಡಲಿಲ್ಲ.

ನಾನು: ಬ್ರೋಕರಿಗೆ ಕೊಟ್ಟದ್ದು ವಾಪಸು ಬರಲ್ಲ, ಬೆಂಗಳೂರಿನ ಅಡ್ವಾನ್ಸು ಬರುತ್ತೆ, ಓನರ್ ಒಳ್ಳೆಯವರಾದರೆ. ಅಲ್ಲಿ ಅಗ್ರಿಮೆಂಟು 11 ತಿಂಗಳಿಗೆ, ಲೀವ್ ಅಂಡ್ ಲೈಸೆನ್ಸ್ ಅಂತಾರೆ. ನೋಂದಣಿ ಕಡ್ಡಾಯ, ಅದರ ಖರ್ಚು ಬೇರೆ, ಪೊಲೀಸ್ ವೆರಿಫಿಕೇಶನ್ ಬೇರೆ, ಸೊಸೈಟಿಯವರು ಒಪ್ಪಬೇಕು. ಇಲ್ಲಿ ನನಗೆ ಬಸ್ಸಿಗೆ ಖರ್ಚೇ ಇಲ್ಲ, 2023ರ ಜೂನಿನಿಂದ ಆಧಾರ್ ತೋರಿಸಿ ಸೊನ್ನೆ ಟಿಕೆಟ್. ಕರೆಂಟ್ ಬಿಲ್ಲೂ ಸೊನ್ನೆ, ಒಬ್ಬಳೇ ಇರೋದು, 200 ಯೂನಿಟ್ ದಾಟಲ್ಲ. ಅಲ್ಲಿ ಬೆವರಿಗೂ ಬಿಲ್ಲು. ಇನ್ನು ಟ್ಯಾಂಕರ್ ಅಂದ್ರಲ್ಲ, 2024ರ ಬೇಸಿಗೆಯಲ್ಲಿ ಟ್ಯಾಂಕರಿಗೆ ಕ್ಯೂ ನಿಂತವಳು ನಾನು, ಬೆಂಗಳೂರಿನಲ್ಲಿ. ಸರ್ಕಾರವೇ ರೇಟು ಕಟ್ಟಬೇಕಾಯ್ತು, 5 ಕಿಲೋಮೀಟರ್ ಒಳಗೆ 12 ಸಾವಿರ ಲೀಟರಿಗೆ 1,000 ರೂಪಾಯಿ ಅಂತ. ಆಗ ಕಾವೇರಿ ತಾಯಿ ನಮ್ಮ ಬೀದಿಗೆ ಬಂದಿರಲಿಲ್ಲ.

ಎರಡು ನಿಮಿಷ ಮೌನ. ಆಮೇಲೆ ದೊಡ್ಡಪ್ಪ.

ದೊಡ್ಡಪ್ಪ: ತಂಗಿ, ಲೆಕ್ಕ ಚೆನ್ನಾಗಿದೆ. ಆದರೆ ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು.

ತಮ್ಮ (ವಾಪಸು ಬಂದಿದ್ದ): ಮುಂಬೈಯಲ್ಲಿ ಹಾಸಿಗೆ ಹಾಸೋ ಜಾಗಕ್ಕೇ ಬಾಡಿಗೆ ದೊಡ್ಡಪ್ಪ, ಕಾಲಿನ ಮಾತು ಆಮೇಲೆ.

ದೊಡ್ಡಪ್ಪ: ನಾನು ನಿನ್ನ ಹತ್ತಿರ ಮಾತಾಡ್ತಾ ಇಲ್ಲ.

ಚಿಕ್ಕಮ್ಮ: ತಂಗಿ, ಅಲ್ಲಿ ನಂದಿನಿ ಹಾಲು ಸಿಗ್ತದಾ?

ಇಷ್ಟು ಹೊತ್ತು ಚರ್ಚೆ ಹೇಗೋ ಎರಡು ಊರಿನ ಸುತ್ತ ಇತ್ತು. ಹತ್ತು ಗಂಟೆಗೆ ದುಬೈಯಲ್ಲಿರುವ ಅಣ್ಣ ಎದ್ದ. ದೊಡ್ಡಪ್ಪನ ಮಗ. ಅವನು 2011ರಲ್ಲಿ ಮೊದಲ ಕೆಲಸಕ್ಕೆ ಸೇರಿದಾಗ ಮುಂಬೈ ಪಕ್ಕದ ಡೊಂಬಿವಲಿಯಲ್ಲಿ ಅತ್ತೆಯ ಮನೆಯಲ್ಲಿ ಎಂಟು ತಿಂಗಳು ಇದ್ದ. ಅತ್ತೆ ಅಂದರೆ ದೊಡ್ಡಪ್ಪನ ಸ್ವಂತ ತಂಗಿ. ಆ ಎಂಟು ತಿಂಗಳಿನ ಬಗ್ಗೆ ನಮ್ಮ ಮನೆಯಲ್ಲಿ ಯಾರೂ ಮಾತಾಡುವುದಿಲ್ಲ. ಯಾಕೆ ಅಂತ ನನಗೆ ಅವತ್ತಿನವರೆಗೆ ಗೊತ್ತಿರಲಿಲ್ಲ.

ದುಬೈ ಅಣ್ಣ: ಮುಂಬೈ! ಏನು ದಿನಗಳು ಅವು! ಕುಮಟಾದಲ್ಲಿ ಮತ್ಸ್ಯಗಂಧ ರೈಲು ಹತ್ತಿ ಠಾಣೆಯಲ್ಲಿ ಇಳಿದು, ಅಲ್ಲಿಂದ ಲೋಕಲ್ಲಿನಲ್ಲಿ ಒಂದು ಕಾಲಿಗೆ ಮಾತ್ರ ಜಾಗ. ಭಾನುವಾರ ಮಾಟುಂಗಕ್ಕೆ ಹೋಗಿ ಸ್ಟೇಷನ್ ಎದುರಿನ ರಾಮ ನಾಯಕರ ಉಡುಪಿ ಬೋರ್ಡಿಂಗಿನಲ್ಲಿ ಬಾಳೆಲೆ ಊಟ. ರಸಂ ಮೂರು ಸಲ. ಮನೆಗೆ ಬಂದರೆ ಅತ್ತೆ ಕಾಯಿಸಿಟ್ಟ ಬಿಸಿನೀರು! ಬೆಳಗ್ಗೆ ಒಂದು ಸ್ನಾನ, ರಾತ್ರಿ ಒಂದು ಸ್ನಾನ. ಆ ಸುಖ ದುಬೈಯಲ್ಲೂ ಇಲ್ಲ. ಮರೆಯೋಕಾಗಲ್ಲ ಅತ್ತೆ.

ಅತ್ತೆ ನಮ್ಮ ಗುಂಪಿನಲ್ಲಿ ಬರೆಯುವವಳೇ ಅಲ್ಲ. 'ಟೈಪಿಂಗ್' ಅಂತ ಅವಳ ಹೆಸರಿನ ಕೆಳಗೆ ಬಂತು, ಹೋಯಿತು, ಮತ್ತೆ ಬಂತು. ನಾನು ಫೋನು ಹಿಡಿದು ಕೂತೇ ಇದ್ದೆ, ಒಲೆಯ ಮೇಲೆ ಹಾಲು ಉಕ್ಕಿತು.

ಅತ್ತೆ: ನನಗೂ ಮರೆಯೋಕಾಗಿಲ್ಲ. ಒಂದೂವರೆ ತಿಂಗಳು ಬರ್ತಿದ್ದ ಸಿಲಿಂಡರು 25 ದಿನಕ್ಕೆ ಖಾಲಿ ಆಗ್ತಿತ್ತು.

ಗುಂಪು ಸ್ತಬ್ಧ. 31 ಜನರಲ್ಲಿ ಯಾರಿಗೂ ಒಂದು ಎಮೋಜಿ ಹೊಳೆಯಲಿಲ್ಲ.

ದುಬೈ ಅಣ್ಣ: ಅತ್ತೆ ತಮಾಷೆ ಮಾಡ್ತಾಳೆ.

ಅತ್ತೆ: ತಮಾಷೆ ಅಲ್ಲ. ಆಗ ಬುಕ್ ಮಾಡಿದರೆ ಸಿಲಿಂಡರು ಬೇಗ ಬರ್ತಿರಲಿಲ್ಲ. ಎರಡು ಸಲ ಪಕ್ಕದ ಮನೆಯ ಮರಾಠಿ ಕಾಕೂ ಹತ್ತಿರ ಇಸಿದುಕೊಂಡು ಅಡಿಗೆ ಮಾಡಿದೆ. ಅವರು ಬಾಯಿ ಬಿಟ್ಟು ಏನೂ ಹೇಳಲಿಲ್ಲ, ಆದರೆ ಆ ವರ್ಷ ಸಂಕ್ರಾಂತಿಗೆ ಎಳ್ಳುಂಡೆ ಕೊಡಲಿಲ್ಲ.

ದೊಡ್ಡಪ್ಪ: ಒಂದು ಸಿಲಿಂಡರಿಗೆ ಇಷ್ಟು ಮಾತಾ? ಅವನಿಗೆ ಅಂತ ನಾನು ಊರಿನಿಂದ 25 ಕೆ.ಜಿ. ಕುಚ್ಚಲಕ್ಕಿ ಕಳಿಸಿರಲಿಲ್ಲವೇ?

ಅತ್ತೆ: ಕಳಿಸಿದ್ದೆ ಅಣ್ಣ. ಒಂದು ಸಲ. ಅದರಲ್ಲಿ ಹುಳ ಇತ್ತು.

ದೊಡ್ಡಪ್ಪ: ನಮ್ಮ ಗದ್ದೆಯ ಅಕ್ಕಿಯಲ್ಲಿ ಹುಳ ಬರಲು ಸಾಧ್ಯವೇ ಇಲ್ಲ. ನೀವು ಡಬ್ಬಿಯ ಬಾಯಿ ಸರಿ ಮುಚ್ಚಿಲ್ಲ.

ಚಿಕ್ಕಮ್ಮ: ಬಿಸಿಲಿಗೆ ಹಾಕಿದರೆ ಹೋಗ್ತದೆ. ಇಲ್ಲ ಅಂದರೆ ನಾಲ್ಕು ಬೇವಿನೆಲೆ.

ತಮ್ಮ: ಸಿಲಿಂಡರ್ 14.2 ಕೆ.ಜಿ., ಮೂವರ ಅಡಿಗೆ, ಎರಡು ಬಕೆಟ್ ಬಿಸಿನೀರು. 25 ದಿನ ಅಂದ್ರೆ ಲೆಕ್ಕ ಸರಿ ಇದೆ.

ದೊಡ್ಡಪ್ಪ: ನಿನ್ನನ್ನು ಯಾರು ಕೇಳಿದ್ದು?

ಆಗ ಡೊಂಬಿವಲಿಯ ಮಾವ ಏನೋ ಬರೆದರು. ನಾನು ತೆರೆಯುವಷ್ಟರಲ್ಲಿ 'ಈ ಸಂದೇಶವನ್ನು ಅಳಿಸಲಾಗಿದೆ' ಅಂತ ಇತ್ತು. ಮಾವ ಹದಿನಾಲ್ಕು ವರ್ಷ ಬಾಯಿ ಬಿಡದ ಮನುಷ್ಯ, ಬರೆದು ಅಳಿಸಿದರು ಅಂದರೆ ಏನೋ ದೊಡ್ಡದೇ ಇರಬೇಕು. ಅದನ್ನು ಯಾರೂ ಓದಿರಲಿಲ್ಲ, ಆದರೆ ಎಲ್ಲರೂ ಓದಿದವರ ಹಾಗೆ ಉತ್ತರ ಕೊಡಲು ಶುರು ಮಾಡಿದರು. ದೊಡ್ಡಪ್ಪ "ಭಾವನವರೇ, ನಿಮ್ಮಿಂದ ಇದನ್ನು ನಿರೀಕ್ಷಿಸಿರಲಿಲ್ಲ" ಅಂದರು. ಆಯಿ "ಅವರು ಹಾಗೆ ಹೇಳಿಲ್ಲ ಭಾವ" ಅಂದಳು. ದುಬೈ ಅಣ್ಣ ಒಂದು ಸಿಲಿಂಡರಿಗೆ ಈಗ ಎಷ್ಟಾಗುತ್ತೆ, ಜಿಪೇ ಮಾಡಿಬಿಡುತ್ತೇನೆ ಅಂದ. ಅದು ಎಲ್ಲಕ್ಕಿಂತ ಕೆಟ್ಟ ಮಾತು. ದುಡ್ಡಿನ ಮಾತಲ್ಲ ಇದು ಅಂತ ಅತ್ತೆಯೂ ದೊಡ್ಡಪ್ಪನೂ ಒಂದೇ ನಿಮಿಷದಲ್ಲಿ ಬರೆದರು. ಇಡೀ ಬೆಳಗ್ಗೆ ಅಣ್ಣ ತಂಗಿ ಒಪ್ಪಿದ್ದು ಇದೊಂದನ್ನೇ.

ಮಧ್ಯಾಹ್ನದ ಹೊತ್ತಿಗೆ ಭಾವ ಮತ್ತೆ ಬಂದು ನನ್ನ ಸ್ಕೂಟರ್ ಬಗ್ಗೆ ಕೇಳಿದರು. ಮಹಾರಾಷ್ಟ್ರದಲ್ಲಿ 12 ತಿಂಗಳಿಗಿಂತ ಜಾಸ್ತಿ ಇಟ್ಟುಕೊಂಡರೆ ಅಲ್ಲಿನ ನಂಬರು ಹಾಕಿಸಬೇಕು, ಅದಕ್ಕೆ ಮೊದಲು ಇಲ್ಲಿನ ಆರ್‌ಟಿಒದಿಂದ ಎನ್‌ಒಸಿ, ಅಲ್ಲಿ ತೆರಿಗೆ, ಇಲ್ಲಿ ಕಟ್ಟಿದ್ದಕ್ಕೆ ರೀಫಂಡ್ ಅರ್ಜಿ. ಮಾರಿಬಿಡುವುದೇ ವಾಸಿ ಅಂದರು. ಇಡೀ ದಿನದಲ್ಲಿ ನನಗೆ ನಿಜಕ್ಕೂ ಉಪಯೋಗವಾದ ಮಾತು ಇದೊಂದು. ಅದರ ಕೆಳಗೆ ಚಿಕ್ಕಮ್ಮ ಅಕ್ಕಿ ಹುಳದ ಒಂದು ವಿಡಿಯೋ ಹಾಕಿದ್ದರಿಂದ ಅದೂ ಮೇಲೆ ಹೋಗಿ ಮರೆಯಾಯಿತು. ದೊಡ್ಡಪ್ಪ ಸಂಜೆ ಫಾರ್ವರ್ಡನ್ನು ಅಳಿಸಿದರು. ಯಾಕೆ ಅಂತ ತಮ್ಮ ಕೇಳಿದ್ದಕ್ಕೆ, ಫೋನಿನಲ್ಲಿ ಜಾಗ ಇರಲಿಲ್ಲ ಅಂದರು.

ರಾತ್ರಿ ಒಂಬತ್ತೂವರೆಗೆ ಅತ್ತೆ ನನಗೆ ಬೇರೆಯಾಗಿ ಬರೆದಳು.

ಅತ್ತೆ: ತಂಗಿ, ಬ್ರೋಕರಿಗೆ ದುಡ್ಡು ಕೊಟ್ಟೆಯಾ?

ನಾನು: ಇನ್ನೂ ಇಲ್ಲ ಅತ್ತೆ.

ಅತ್ತೆ: ಕೊಡಬೇಡ. ಮೊದಲು ಮೂರು ತಿಂಗಳು ಇಲ್ಲೇ ಇರು. ಡೊಂಬಿವಲಿಯಿಂದ ಘಾಟ್ಕೋಪರಿಗೆ ಲೋಕಲ್ಲು, ಅಲ್ಲಿಂದ ಮೆಟ್ರೋ ಹಿಡಿದರೆ ಅಂಧೇರಿ. ಲೇಡೀಸ್ ಡಬ್ಬಿ ಎಲ್ಲಿ ನಿಲ್ತದೆ ಅಂತ ನಾನೇ ತೋರಿಸ್ತೇನೆ. ಊರು ನೋಡಿ ಆಮೇಲೆ ಮನೆ ಹುಡುಕು.

ನಾನು ಏನು ಹೇಳಬೇಕು ಅಂತ ತಿಳಿಯದೆ ಸ್ವಲ್ಪ ಹೊತ್ತು ಸುಮ್ಮನಿದ್ದೆ. ಆಮೇಲೆ ಹೆದರುತ್ತಾ ಹೆದರುತ್ತಾ ಕೇಳಿದೆ.

ನಾನು: ಅತ್ತೆ, ಬಿಸಿನೀರು?

ಅತ್ತೆ: ಈಗ ಪೈಪಿನ ಗ್ಯಾಸು ಬಂದಿದೆ. ಎಷ್ಟು ಸಲ ಬೇಕಾದರೂ ಸ್ನಾನ ಮಾಡು. ಬಿಲ್ಲು ಎರಡು ತಿಂಗಳಿಗೊಮ್ಮೆ ಬರ್ತದೆ, ಆಗ ನೋಡೋಣ.